ಬೆಳಗಾವಿಗೆ, ಆರಾಮ ಸಲುವಾಗಿ

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಊರಿಗೆಲ್ಲ ಹೇಳಿದವನಲ್ಲ. ಮಡಿವಾಳೆಪ್ಪನೊಬ್ಬನಿಗೇ ಹೇಳಿದೆ. ಅವನು ಊರಿಗೆ ಹೇಳಿದರೆ ಅದಕ್ಕೆ ನಾನು ಹೊಣೆಯಲ್ಲ. ಇದನ್ನು ನನ್ನ ಹೆಂಡತಿ ರಾಚವ್ವ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ. "ಮಡಿವಾಳೆಪ್ಪಗ ಹೇಳೂದೂ ಒಂದ, ಬಸ್‌ಸ್ಟ್ಯಾಂಡಿನ ಮೈಕಿನ್ಯಾಗ ಹೇಳೂದೂ ಒಂದ" ಅನ್ನುತ್ತಾಳೆ.

ನಾನು ಗುರುನಾಥ. ಬೈಲಹೊಂಗಲದ ಬಜಾರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷಗಳಿಂದ ಊರಿನ ಕಾಗದಪತ್ರಗಳೆಲ್ಲ ನನ್ನ ಕೈ ದಾಟಿಯೇ ಮುಂದೆ ಹೋಗಿವೆ. ಆದರೆ ಗಿರಾಕಿಯ ಕಾಗದವನ್ನು ನಾನು ಎಂದೂ ಓದುವುದಿಲ್ಲ. ಅದು ಮಷೀನಿನಿಂದ ಹೊರಗೆ ಬರುವಾಗ ತಾನಾಗಿ ಕಣ್ಣಿಗೆ ಬಿದ್ದರೆ ಅದನ್ನು ಓದುವುದು ಅನ್ನಲಾಗದು.

ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ನಮ್ಮ ಕಡೆಯವರು ಬೆಳಗಾವಿಗೆ ಹೋಗುವುದು ಮೂರೇ ಕಾರಣಕ್ಕೆ: ಕೋರ್ಟು, ದವಾಖಾನೆ, ಮದುವೆಯ ಜವಳಿ. ನಾಲ್ಕನೆಯ ಕಾರಣ ಇಟ್ಟುಕೊಂಡು ಹೊರಟವನು ನಮ್ಮ ಓಣಿಯಲ್ಲಿ ನಿಂಗರಾಜನೇ ಮೊದಲಿಗ.

ನಿಂಗರಾಜ ನಮ್ಮ ಓಣಿಯ ಕೊನೆಯಲ್ಲಿರುವ ಶಾಲೆಯಲ್ಲಿ ಗುಮಾಸ್ತ. ಒಳ್ಳೆಯ ಮನುಷ್ಯ. ಒಂದೇ ದೋಷವೆಂದರೆ ಫೋನಿನಲ್ಲಿ ಬರೆದದ್ದನ್ನೆಲ್ಲ ಓದುತ್ತಾನೆ, ಓದಿದ್ದನ್ನೆಲ್ಲ ನಂಬುತ್ತಾನೆ, ನಂಬಿದ್ದನ್ನೆಲ್ಲ ಮಾಡುತ್ತಾನೆ. ನಿಂತು ನೀರು ಕುಡಿದರೆ ಮೊಣಕಾಲು ಹೋಗುತ್ತದೆ ಎಂದು ಓದಿದ ವಾರ, ಬಜಾರಿನ ನಡುವೆ ಬಾಟಲಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಟ್ರ್ಯಾಕ್ಟರನ್ನೇ ನಿಲ್ಲಿಸಿದ್ದ. ಈ ಸಲ ಅವನು ಓದಿದ್ದು ಬೇರೆ: ಗಂಡನಾದವನು ವಾರಕ್ಕೊಮ್ಮೆ ಹೆಂಡತಿಯನ್ನು ಏನು ಬೇಕು ಎಂದು ಕೇಳಬೇಕಂತೆ.

ಅದರಂತೆ ಒಂದು ರವಿವಾರ ನೆಂಟರೆಲ್ಲ ಹೋದ ಮೇಲೆ ಕೇಳಿದ. ಅವನ ಹೆಂಡತಿ ನಾಗರತ್ನಾ ಬಚ್ಚಲಲ್ಲಿ ಕುಳಿತು ನೆಂಟರು ಚಾ ಕುಡಿದಿಟ್ಟ ಹದಿನಾರು ಕಪ್ಪು-ಬಸಿ ತೊಳೆಯುತ್ತಿದ್ದಳು. ಚಚಡಿ ಊರಿನ ಹೆಣ್ಣುಮಗಳು, ಮಾತು ಕಡಿಮೆ. ಕೈಯಲ್ಲಿದ್ದ ಬಸಿ ಬೋರಲು ಹಾಕಿ ಅಂದಳು, "ಒಂದ ಮುಂಜಾನಿ ನಾ ಎದ್ದು ಹಾಸಗಿ ಮ್ಯಾಲೇ ಕುಂತಿರಬೇಕು. ಯಾರರ ಚಾ ತಂದು ಕೈಯಾಗ ಕೊಡಬೇಕು. ಅದು ಕುಡದು ಮುಗಿಯೂತನಕ ಯಾರೂ ನನ್ನ ಕರೀಬಾರದು."

ಅಷ್ಟೇ. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ.

ಹಾಗಾದರೆ ಮರುದಿನ ಅವನೇ ಎದ್ದು ಒಂದು ಕಪ್ ಚಾ ಮಾಡಿಕೊಡಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಅನ್ನುವುದು ಸುಲಭ. ಆ ಮನೆಯಲ್ಲಿ ಅವನ ತಾಯಿ ಗುರುಬಸವ್ವ ಇದ್ದಾಳೆ. ಮುಂಜಾನೆ ಐದಕ್ಕೆ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಸೊಸೆ ತರುವ ಚಾಕ್ಕಾಗಿ ಕಟ್ಟೆಯ ಮೇಲೆ ಕಾಯುತ್ತ ಕೂಡುವವಳು. ಅವಳ ಕಣ್ಣೆದುರಿಗೆ ಮಗ ಒಲೆ ಹಚ್ಚಿ, ಹೆಂಡತಿಯ ಹಾಸಿಗೆಗೆ ಚಾ ಒಯ್ಯುವುದು ಸಾಧ್ಯವೇ? ನಾನೂ ಗಂಡಸು, ನನಗೆ ಅರ್ಥವಾಗುತ್ತದೆ. ಹಾಗಾಗಿ ನಿಂಗರಾಜ ಈ ಒಂದು ಕಪ್ ಚಾಕ್ಕೆ ನಲವತ್ತೈದು ಕಿಲೋಮೀಟರ್ ದೂರದ ಬೆಳಗಾವಿಯೇ ಸರಿಯಾದ ಜಾಗ ಎಂದು ತೀರ್ಮಾನಿಸಿದ. ಮೂರು ದಿನ ಫೋನು ಹಿಡಿದು ಕುಳಿತು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಶಹರಕ್ಕೆ ಹೋಗಿ ಆರಾಮವಾಗಿ ಇದ್ದು ಬರುವುದು ಹೇಗೆ ಎಂದು ಓದಿ, ಫೋನಿನಿಂದಲೇ ಕನ್ನಡ ಮಾಡಿಸಿ, ಬುಧವಾರ ಮುಂಜಾನೆ ಅದನ್ನು ಪ್ರಿಂಟ್ ತೆಗೆಸಲು ನನ್ನ ಅಂಗಡಿಗೆ ಬಂದ. ಕೂಸು ಹುಟ್ಟುವುದಕ್ಕಿಂತ ಮೊದಲೇ ಕುಲಾಯಿ ಹೊಲಿಸಿದರಂತೆ, ಹಾಗೆ.

ಈ ಚಾದ ಕಥೆಯೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ನನಗೆ ತಿಳಿದದ್ದು ಮಷೀನಿನಿಂದ ಹೊರಗೆ ಬಂದ ಕಾಗದದಲ್ಲಿದ್ದಷ್ಟೇ. ಅದರ ತಲೆಯ ಮೇಲೆ 'ಬೆಳಗಾವಿ: ಎರಡು ದಿನ, ಆರಾಮ ಸಲುವಾಗಿ' ಎಂದಿತ್ತು. ಕೆಳಗೆ ಹೀಗೆ: 'ಕೊಠಡಿಯನ್ನು ಮುಂಚಿತವಾಗಿ ಕಾದಿರಿಸುವುದು. ದಿನಕ್ಕೆ ಒಂದೇ ಕೆಲಸ, ಆಯಾಸ ಸಲ್ಲದು. ಹಗುರವಾದ ಆಹಾರ. ಮಧ್ಯಾಹ್ನ ಕಡ್ಡಾಯ ವಿಶ್ರಾಂತಿ. ಜೊತೆಗೆ ಹೆಚ್ಚು ಜನ ಬೇಡ. ಏನಾಗಲಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ಸಮಾಧಾನದಿಂದ ತಿಳಿಸಿ ಹೇಳುವುದು.'

ಕೊನೆಯ ಸಾಲು ಓದಿ, ಅಲ್ಲ, ಕಣ್ಣಿಗೆ ಬಿದ್ದು, ನಾನು ಮಷೀನು ನಿಲ್ಲಿಸಿದೆ.

"ಯಾತಕ್ಕ ಹೊಂಟೀರಿ ನಿಂಗರಾಜ?" ಎಂದು ಮೆಲ್ಲಗೆ ಕೇಳಿದೆ.

ಹೆಂಡತಿಗೆ ಚಾ ಕುಡಿಸಲು ಎಂದು ಹೇಳಲು ಅವನಿಗೆ ನಾಚಿಕೆ. "ಏನಿಲ್ಲ ಬಿಡ್ರಿ ಗುರುನಾಥಣ್ಣಾ, ಆರಾಮ ಸಲುವಾಗಿ."

ನೋಡಿ, ಇಲ್ಲಿಯೇ ಎಡವಟ್ಟಾದದ್ದು. ಆರಾಮ ಇಲ್ಲ ಅಂದರೆ ನಮ್ಮಲ್ಲಿ ಜಡ್ಡು, ಅಂದರೆ ಕಾಯಿಲೆ. ಆರಾಮ ಆಯಿತು ಅಂದರೆ ಜಡ್ಡು ಹೋಯಿತು. ಆರಾಮ ಸಲುವಾಗಿ ಬೆಳಗಾವಿಗೆ ಹೋಗುವುದು ಅಂದರೆ ಏನರ್ಥ, ನೀವೇ ಹೇಳಿ.

"ಯಾರಿಗೆ?" ಎಂದೆ.

"ಎಲ್ಲಾರಿಗೂ ಬೇಕಲ್ರಿ."

"ರೂಮ ಸಿಕ್ಕೇತನು?"

"ಸಿಕ್ಕೇತ್ರಿ. ಮೂರನೇ ಮಜಲಿ, ಲಿಫ್ಟ್ ಐತಿ."

ಲಿಫ್ಟನ್ನು ನಾನು ನೋಡಿದ್ದು ದವಾಖಾನೆಯಲ್ಲಿ ಮಾತ್ರ. "ಜೋಡಿಗೆ ಯಾರರ ಬರಬೇಕನಪಾ?" ಎಂದು ಕೇಳಿದೆ.

"ಬ್ಯಾಡ್ರಿ, ಭಾಳ ಮಂದಿ ಇದ್ರ ಆರಾಮ ಆಗೂದಿಲ್ಲಂತ. ಮತ್ತ ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಅಣ್ಣಾ. ಮಂದಿ ನಗತಾರ."

ಯಾರ ಮುಂದೆಯೂ ಹೇಳಬೇಡ ಅಂದದ್ದಕ್ಕೇ ನನಗೆ ಖಾತ್ರಿಯಾಯಿತು.

ನನ್ನ ಅಂಗಡಿಯ ಬೆಂಚಿನ ಮೇಲೆ ದಿನಾ ಕೂಡುವವನು ಮಡಿವಾಳೆಪ್ಪ. ರಿಟೈರ್ಡ್ ಬಸ್ ಕಂಡಕ್ಟರ್. ನಾನು ಮನಸ್ಸು ತಡೆಯದೆ ಅವನೊಬ್ಬನಿಗೆ ಹೇಳಿದೆ. ಅವನು ಎರಡು ನಿಮಿಷ ಯೋಚಿಸಿದ. "ಕ್ವಾಟಿ ನೋಡಾಕ ಕಿತ್ತೂರ ಐತಿ. ದೇವರ ನೋಡಾಕ ಸವದತ್ತಿ ಐತಿ. ತಂಗಿ ಮನಿಗೆ ಹೋಗಾಕ ರಾಮದುರ್ಗ ಐತಿ. ಸುಮ್ಮಸುಮ್ಮನ ಬೆಳಗಾವಿಗೆ ಯಾರ ಹೊಕ್ಕಾರ ಗುರುನಾಥಾ? ದೊಡ್ಡದ ಏನೋ ಐತಿ" ಎಂದು ಎದ್ದು ಹೊರಟ. ಮೂವತ್ತು ವರ್ಷ ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಿದ ಮನುಷ್ಯ. ಕಿರಾಣಿ ಅಂಗಡಿಯಲ್ಲಿ ಒಂದು ಸ್ಟಾಪು, ಹಿಟ್ಟಿನ ಗಿರಣಿಯಲ್ಲಿ ಒಂದು ಸ್ಟಾಪು. ಸಂಜೆಯ ಹೊತ್ತಿಗೆ ಸುದ್ದಿ ಫೋನು ಹತ್ತಿ ರಾಮದುರ್ಗದಲ್ಲಿರುವ ನಿಂಗರಾಜನ ತಂಗಿ ಉಮಾಶ್ರೀಯ ಮನೆ ಮುಟ್ಟಿತ್ತು.

ಗುರುವಾರ ನಿಂಗರಾಜ ರಜೆ ಚೀಟಿ ಬರೆದುಕೊಂಡು ಹೆಡ್‌ಮಿಸ್ ಸಿದ್ದಲಿಂಗವ್ವ ಮೇಡಮ್ಮರ ಮುಂದೆ ನಿಂತ. 'ಕುಟುಂಬ ಸಮೇತ ಆರಾಮ ಸಲುವಾಗಿ ಬೆಳಗಾವಿಗೆ ಹೋಗಬೇಕಾದ್ದರಿಂದ ಶನಿವಾರ ಒಂದು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.' ಹನ್ನೊಂದು ವರ್ಷದಲ್ಲಿ ಅವನ ಒಂದು ರಜೆ ಚೀಟಿಗೂ ಮೇಡಮ್ಮರು ತಕರಾರಿಲ್ಲದೆ ಸಹಿ ಹಾಕಿದವರಲ್ಲ. ಅವತ್ತು ಚಷ್ಮಾ ತೆಗೆದು ಟೇಬಲ್ ಮೇಲಿಟ್ಟರು.

"ಒಂದ ದಿನಾ ಸಾಕೇನ್ರಿ?"

"ಸಾಕ್ರಿ ಮೇಡಮ್. ರವಿವಾರ ಸಂಜಿಕೆ ಬಂದಬಿಡತೇವಿ."

"ಡಾಕ್ಟರು ಏನಂದ್ರು?"

ಡಾಕ್ಟರು ಎಲ್ಲಿಂದ ಬಂದರು ಎಂದು ನಿಂಗರಾಜನಿಗೆ ತಿಳಿಯಲಿಲ್ಲ. ಪ್ರವಾಸಕ್ಕೂ ಈಗ ಡಾಕ್ಟರು ಇರುತ್ತಾರೇನೋ ಅಂದುಕೊಂಡ. "ಡಾಕ್ಟರನ್ನ ಕೇಳಿಲ್ರಿ. ಫೋನಿನ್ಯಾಗ ನೋಡಿ ನಾನ ಎಲ್ಲಾ ಪ್ಲ್ಯಾನ ಮಾಡೇನಿ."

"ಇಂಥಾದ್ದನ್ನೆಲ್ಲಾ ಫೋನ ನೋಡಿ ಮಾಡಬಾರದ್ರಿ ನಿಂಗರಾಜ."

"ಏನಾಗೂದಿಲ್ರಿ. ಭಾಳ ಮಂದಿ ಹಿಂಗ ಮಾಡೇ ಆರಾಮ ಆತು ಅಂತ ಬರದಾರ."

ಮೇಡಮ್ಮರು ಸೆರಗಿನಿಂದ ಚಷ್ಮಾ ಒರೆಸಿಕೊಂಡು ಸಹಿ ಹಾಕಿದರು. ಶುಕ್ರವಾರ ಮುಂಜಾನೆ ಪ್ರಾರ್ಥನೆಯ ಹೊತ್ತಿನಲ್ಲಿ ನಾಲ್ಕುನೂರು ಮಕ್ಕಳ ಮುಂದೆ ನಿಂತು, "ಹನ್ನೊಂದು ವರ್ಷ ನಮ್ಮ ನಡುವೆ ಸೇವೆ ಸಲ್ಲಿಸಿದ ಒಬ್ಬರಿಗಾಗಿ ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿರಿ" ಎಂದರು. ಹಿಂದಿನ ಸಾಲಿನಲ್ಲಿದ್ದ ನಿಂಗರಾಜನೂ ಕೈಕಟ್ಟಿ ಭಕ್ತಿಯಿಂದ ಕಣ್ಣು ಮುಚ್ಚಿದ. ಯಾರೋ ಪಾಪ, ಒಳ್ಳೆಯವರಿರಬೇಕು ಎಂದು ಅವನಿಗೆ ಕಣ್ಣಲ್ಲಿ ನೀರೂ ಬಂತು. ನಿಮಿಷ ಮುಗಿದ ಮೇಲೆ ಮೇಡಮ್ಮರು ಹೆಸರು ಹೇಳಿದರು. ಅದೇ ಶಾಲೆಯ ಒಂದನೇ ಇಯತ್ತೆಯಲ್ಲಿದ್ದ ಅವನ ಮಗಳು ಐಶ್ವರ್ಯಾ ಮನೆಗೆ ಓಡಿ ಬಂದು, "ಅಪ್ಪನ ಸಲುವಾಗಿ ಇಡೀ ಸಾಲೀನ ಕಣ್ಣ ಮುಚ್ಚಿತ್ತು" ಎಂದು ಹೆಮ್ಮೆಯಿಂದ ಹೇಳಿದಳು.

ಅಷ್ಟರಲ್ಲಿ ಮನೆಯಲ್ಲಿ ಬೇರೆ ಕಥೆ ನಡೆದಿತ್ತು. ಗುರುವಾರದಿಂದಲೇ ಜನ ಬರತೊಡಗಿದ್ದರು. ಬ್ರೆಡ್ಡು, ಬಿಸ್ಕೀಟು, ಮೋಸಂಬಿ, ಎಳನೀರು. ಜಡ್ಡಿನ ಹೆಸರನ್ನು ಜಡ್ಡಿನವರ ಮನೆಯಲ್ಲಿ ಎತ್ತಬಾರದು ಎನ್ನುವುದು ನಮ್ಮ ಕಡೆಯ ರೀತಿ. ಹಾಗಾಗಿ ಯಾರೂ ಏನನ್ನೂ ಬಾಯಿ ಬಿಟ್ಟು ಕೇಳಲಿಲ್ಲ. "ಶನಿವಾರ ಹೊಂಟೀರಂತ" ಎನ್ನುವುದು, ಉಸಿರು ಬಿಡುವುದು, ನಿಂಗರಾಜನ ಬೆನ್ನು ಸವರುವುದು. ಬೆಳಗಾವಿಗೆ ಹೋಗುವವರನ್ನು ಬೀಳ್ಕೊಡಲು ಇಷ್ಟು ಜನ ಬರುತ್ತಾರಲ್ಲ ಎಂದು ನಾಗರತ್ನಾಳಿಗೆ ಮೊದಲಿಗೆ ಹಿಗ್ಗೇ ಆಯಿತು.

ಆದರೆ ಬಂದವರಿಗೆಲ್ಲ ಚಾ ಕೊಡಬೇಕಲ್ಲ. ಗುರುವಾರ ಇಪ್ಪತ್ತೆರಡು ಕಪ್ಪಾಯಿತು. ಶುಕ್ರವಾರ ಮಧ್ಯಾಹ್ನಕ್ಕೆ ಮೂವತ್ತು ದಾಟಿತು. ಯಾರಾದರೂ ತಂದುಕೊಡುವ ಒಂದು ಕಪ್ ಚಾಕ್ಕೆ ಆಸೆಪಟ್ಟವಳು ಎರಡು ದಿನದಿಂದ ಒಲೆಯ ಮುಂದಿನಿಂದ ಏಳಲಿಲ್ಲ. "ನಾಳೆ ಹೋಗೂದ ಐತಲ್ಲ, ಇರಲಿ" ಎಂದು ತನಗೆ ತಾನೇ ಹೇಳಿಕೊಂಡು ಹಾಲಿಗೆ ನೀರು ಬೆರೆಸಿದಳು.

ಗುರುಬಸವ್ವನಿಗೂ ಮಗ ಹೇಳಿದ್ದು ಅದೇ ಮಾತು, "ಆರಾಮ ಸಲುವಾಗಿ." ಬಂದವರ ಉಸಿರು ನೋಡಿ ನೋಡಿ ಅವಳಿಗೆ ದಿಗಿಲು ಹತ್ತಿತು. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ಶುಕ್ರವಾರ ಮಧ್ಯಾಹ್ನ ಉಮಾಶ್ರೀ ರಾಮದುರ್ಗದ ಬಸ್ಸಿನಿಂದ ಇಳಿದವಳು ಓಣಿಯ ತುದಿಯಿಂದಲೇ ಅಳುತ್ತ ಬಂದಳು.

"ಅಣ್ಣಾ, ನನಗ ಒಂದ ಮಾತ ಹೇಳಬಾರದೇನು?"

"ಹೇಳಿದ್ರ ನೀನೂ ಬರತೇನಿ ಅಂತಿದ್ದಿ."

"ಬರೂದ ಮತ್ತ. ಒಡಹುಟ್ಟಿದಾಕಿ ನಾ ಬರಲಿಲ್ಲಂದ್ರ ಯಾರ ಬರಬೇಕು?"

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದ್ದೆವು. ನಾನು, ಮಡಿವಾಳೆಪ್ಪ, ಓಣಿಯ ಕ್ರೂಸರ್ ಗಾಡಿಯ ಲಗಮಣ್ಣ. ಲಗಮಣ್ಣ ಆಗಲೇ ಗಾಡಿಯ ಹಿಂದಿನ ಸೀಟು ಬಿಚ್ಚಿ ಗಾದಿ ಹಾಸಿ ತಂದಿದ್ದ. "ಅಣ್ಣಾರು ಆರಾಮಶೀರ ಮಲಕೊಂಡ ಬರಬಹುದು" ಎಂದ. ಮೊದಲೇ ಪ್ರಾರ್ಥನೆಯಿಂದ ಕಂಗೆಟ್ಟಿದ್ದ ನಿಂಗರಾಜನಿಗೆ ಈಗ ತಡೆಯಲಾಗಲಿಲ್ಲ.

"ನನಗ ಏನೂ ಆಗಿಲ್ರಿ. ಗುಂಡುಕಲ್ಲಿನಂಗ ಅದೇನಿ" ಎಂದು ಅಂಗಿ ಎತ್ತಿ ಎದೆ ತೋರಿಸಿದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ಪಾಪ, ಅವಂಗ ಇನ್ನೂ ಹೇಳಿಲ್ಲಂತ ಕಾಣತೈತಿ" ಎಂದು ಮಡಿವಾಳೆಪ್ಪ ನನ್ನ ಕಿವಿಯಲ್ಲಿ ಅಂದ. ಅವನು ಕಿವಿಯಲ್ಲಿ ಅಂದದ್ದು ಹಿತ್ತಿಲಿಗೂ ಕೇಳುತ್ತದೆ.

"ನನಗ ಏನಿಲ್ಲಪಾ ಮಾರಾಯಾ," ನಿಂಗರಾಜ ಎತ್ತಿದ ಅಂಗಿ ಇಳಿಸಿದ, "ಇದೆಲ್ಲಾ ನಾಗರತ್ನಾನ ಸಲುವಾಗಿ."

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದೆವು. ನಾಗರತ್ನಾ ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಒಲೆಯ ಮುಂದೆ ಎರಡು ದಿನ ಕುಳಿತ ಮುಖ, ಕಣ್ಣು ಕೆಂಪು. ಈಗ ನೋಡಿದರೆ ಹೌದಲ್ಲ, ಇವಳಿಗೇ ಜಡ್ಡು. ಇಷ್ಟು ದಿನ ನಾವು ಗಮನಿಸಲೇ ಇಲ್ಲವಲ್ಲ ಎಂದು ನನಗೂ ಅನ್ನಿಸಿತು.

ಗುರುಬಸವ್ವ ಎದ್ದು ಹೋಗಿ ಸೊಸೆಯ ಕೈಯಿಂದ ತಟ್ಟೆ ಕಸಿದುಕೊಂಡಳು. "ಎರಡ ದಿನದಿಂದ ಜಡ್ಡಿನಾಕಿ ಕೈಲೆ ಚಾ ಮಾಡಿಸಿಕೊಂಡ ಕುಡಿದೇವಲ್ಲೋ" ಎಂದು ನಮಗೆಲ್ಲ ಸೇರಿಸಿ ಬೈದಳು. "ಹೋಗವ್ವಾ, ಮಲಕೋ."

"ಅತ್ತಿ, ನನಗ ಏನೂ ಆಗಿಲ್ರಿ."

"ಅವನೂ ಹಂಗ ಅಂದ. ಮಲಕೋ."

ನಾಗರತ್ನಾಳನ್ನು ಹಾಸಿಗೆಗೆ ಹಾಕಿದರು. ಉಮಾಶ್ರೀ ಕಾಲು ಒತ್ತತೊಡಗಿದಳು. ಮಲಗಿದವಳು ನಿಧಾನವಾಗಿ ವಿಚಾರ ಮಾಡಿದಳು. ಹಾಸಿಗೆಯಂತೂ ಸಿಕ್ಕಿತು, ಸುತ್ತ ತಂದುಕೊಡುವ ಜನ ಇದ್ದಾರೆ. "ಅತ್ತಿ, ಹಂಗಾದ್ರ ಒಂದ ಕಪ್ಪ ಚಾ ಕೊಡತೀರೇನು?" ಎಂದು ಕೇಳಿಯೇಬಿಟ್ಟಳು.

"ಹುಚ್ಚಿ, ಜಡ್ಡಿನಾಗ ಚಾ ಕುಡದ್ರ ಪಿತ್ತ ಏರತೈತಿ" ಎಂದು ಗುರುಬಸವ್ವ ಜೀರಿಗೆ ಕಷಾಯ ಮಾಡಿ ತಂದು ಬಾಯಿಗೆ ಹಿಡಿದಳು. ಅಲ್ಲಿಗೆ ಆ ಮನೆಯಲ್ಲಿ ಎಲ್ಲರೂ ಚಾ ಕುಡಿದರು, ಅವಳೊಬ್ಬಳನ್ನು ಬಿಟ್ಟು.

ಶನಿವಾರ ಮುಂಜಾನೆ ಲಗಮಣ್ಣನ ಕ್ರೂಸರ್ ಹೊರಟಿತು. ಪ್ಲ್ಯಾನಿನ ಪ್ರಕಾರ ಹೋಗಬೇಕಾದವರು ಗಂಡ ಹೆಂಡತಿ, ಐಶ್ವರ್ಯಾ, ಮೂರು ವರ್ಷದ ಸಚಿನ. ಹೊರಟವರು ಒಂಬತ್ತು ಜನ. ಗುರುಬಸವ್ವ ಸೊಸೆಯನ್ನು ನೋಡಿಕೊಳ್ಳಲು, ಉಮಾಶ್ರೀ ತಾಯಿಯನ್ನು ನೋಡಿಕೊಳ್ಳಲು, ಮಡಿವಾಳೆಪ್ಪ ದಾರಿ ತೋರಿಸಲು. ಮೂವತ್ತು ವರ್ಷದಿಂದ ಇರುವ ಒಂದೇ ದಾರಿ ಅದು. ನಾನು ಯಾಕೆಂದರೆ, ದವಾಖಾನೆ ಅಂದಮೇಲೆ ಜೆರಾಕ್ಸ್ ಬೇಕೇ ಬೇಕು. ಅಂಗಡಿ ಮುಚ್ಚಿ, ಎಲ್ಲರ ಆಧಾರ್ ಕಾರ್ಡು ಐದೈದು ಪ್ರತಿ ತೆಗೆದುಕೊಂಡು ಹತ್ತಿದೆ. ರಾಚವ್ವ ಬಾಗಿಲಲ್ಲಿ ನಿಂತು, "ಮೊದಲ ಏನಾಗೇತಿ ಅಂತ ಆಕೀನ್ನ ಯಾರರ ಕೇಳೀರೇನು?" ಅಂದಳು. ಹೆಂಗಸರಿಗೆ ಏನು ತಿಳಿಯುತ್ತದೆ ಎಂದುಕೊಂಡು ನಾನು ಗಾಡಿಯ ಬಾಗಿಲು ಎಳೆದುಕೊಂಡೆ.

ಗಾಡಿಯಲ್ಲಿ ನಾಗರತ್ನಾ ಗಾದಿಯ ಮೇಲೆ ಮಲಗಿದ್ದಳು. ಬಾಯಿ ತೆರೆದಾಗಲೆಲ್ಲ ಗುರುಬಸವ್ವ, "ಮಾತಾಡಬ್ಯಾಡ, ಶಕ್ತಿ ಹೊಕ್ಕೇತಿ" ಎಂದು ಸುಮ್ಮನಾಗಿಸುತ್ತಿದ್ದಳು. ನಿಂಗರಾಜ ನನ್ನ ಮತ್ತು ಮಡಿವಾಳೆಪ್ಪನ ನಡುವೆ ಸಿಕ್ಕಿಕೊಂಡು ಮಡಿಲಲ್ಲಿ ಪ್ಲ್ಯಾನಿನ ಕಾಗದ ಹಿಡಿದಿದ್ದ. "ಮೊದಲ ಲಾಜಿಗೆ, ಆಮ್ಯಾಲೆ ಕ್ವಾಟಿ ಕೆರಿಗೆ" ಎಂದು ಅವನು ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿರೇಬಾಗೇವಾಡಿ ದಾಟುವವರೆಗೆ ಐಶ್ವರ್ಯಾ ಹನ್ನೆರಡು ಸಲ ಕೇಳಿದಳು, "ಅಪ್ಪಾ, ಲಿಫ್ಟ್ ಯಾವಾಗ?" ಏನಾಗಲಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ ಹೇಳುವ ಒಂದು ಕೆಲಸವನ್ನಂತೂ ಅವನು ಸರಿಯಾಗಿ ಮಾಡಿದ್ದ.

ಲಗಮಣ್ಣ ಗಾಡಿಯನ್ನು ಸೀದಾ ಒಂದು ದೊಡ್ಡ ದವಾಖಾನೆಯ ಮುಂದೆ ನಿಲ್ಲಿಸಿದ. ನಾವು ನಾಲ್ಕು ಜನ ಹಿಡಿದು ನಾಗರತ್ನಾಳನ್ನು ಕೌಂಟರಿನ ತನಕ ಒಯ್ದೆವು. ಕೌಂಟರಿನಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ತಲೆ ಎತ್ತದೆ ಕೇಳಿದಳು.

"ಪೇಶೆಂಟ್ ಹೆಸರು?"

"ನಾಗರತ್ನಾ" ಎಂದು ಆರು ಜನ ಹೇಳಿದೆವು. ನಾನು ಆಧಾರ್ ಕಾರ್ಡಿನ ಐದೂ ಪ್ರತಿ ಮುಂದಿಟ್ಟೆ.

"ಏನ ತ್ರಾಸ ಐತ್ರಿ?"

ಆರು ಜನರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಆಗ ಗುರುಬಸವ್ವ ಸೊಸೆಯ ಹೆಗಲ ಮೇಲೆ ಕೈಯಿಟ್ಟು, "ಹೇಳವ್ವಾ. ನಮ್ಮ ಮುಂದ ಹೇಳಲಿಲ್ಲ, ಇವರ ಮುಂದರ ಹೇಳ. ದವಾಖಾನ್ಯಾಗ ನಾಚಬಾರದು" ಎಂದಳು.

ನಾಗರತ್ನಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ನಿನ್ನೆ ಸಂಜೆಯಿಂದ ಕಷಾಯದ ಮೇಲಿದ್ದ ಹೆಣ್ಣುಮಗಳು.

"ಚಾ ಬೇಕಾಗೇತ್ರಿ" ಎಂದಳು.

ಕೌಂಟರಿನವಳು ಬರೆದುಕೊಂಡಳು. "ಎಷ್ಟ ದಿನದಿಂದ?"

"ಎಂಟ ವರ್ಷದಿಂದ್ರಿ."

ಪೆನ್ನು ನಿಂತಿತು. ಅವಳು ತಲೆ ಎತ್ತಿ ನಿಂಗರಾಜನನ್ನು ನೋಡಿದಳು. "ಎಂಟ ವರ್ಷದಿಂದ ತ್ರಾಸ ಐತಿ, ಈಗ ಕರಕೊಂಡ ಬಂದೀರಿ?"

"ನಾನೂ ಅದನ್ನ ಅಂತೇನ್ರಿ" ಎಂದು ಮಡಿವಾಳೆಪ್ಪ ಮುಂದೆ ಬಂದ.

"ಬರೀ ಚಾ ಅಲ್ರಿ," ನಾಗರತ್ನಾ ಈಗ ನಿಲ್ಲಲಿಲ್ಲ. "ಹಾಸಗಿ ಮ್ಯಾಲೆ ಕುಂತಲ್ಲೇ ಇನ್ನೊಬ್ಬರು ತಂದುಕೊಟ್ಟ ಚಾ. ಲಗ್ನ ಆಗಿ ಎಂಟ ವರ್ಷಾತು, ಒಮ್ಮೆನೂ ಕುಡದಿಲ್ಲ. ನನಗ ಬ್ಯಾರೆ ಏನೂ ಜಡ್ಡಿಲ್ಲ. ಆ ಚಾ ಕುಡಸಾಕಂತನ ಇವರು ಲಾಜಿಗೆ ಕರಕೊಂಡ ಹೊಂಟಿದ್ರು. ನಡುವ ಊರ ಮಂದೆಲ್ಲಾ ಸೇರಿ ಹಿಂಗ ಮಾಡ್ಯಾರ."

ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ದಪ್ಪ ಹೆಂಗಸು, "ನಂದೂ ಅದ ತ್ರಾಸ ನೋಡವ್ವಾ, ಹದಿನೈದ ವರ್ಷಾತು" ಎಂದಳು. ಕೌಂಟರಿನವಳು ಪೆನ್ನು ಕೆಳಗಿಟ್ಟಳು.

"ಅದಕ್ಕ ಇಲ್ಲಿ ಔಷಧ ಇಲ್ರಿ ಅಕ್ಕಾರ. ಇದ್ದಿದ್ರ ಮೊದಲ ನಾನ ಅಡ್ಮಿಟ್ ಆಗತಿದ್ದೆ."

ನಾವೆಲ್ಲ ಹೊರಗೆ ಬಂದು ಗಾಡಿಯ ಪಕ್ಕ ನಿಂತೆವು. ಉಮಾಶ್ರೀಗೆ ಸಿಟ್ಟು ತಡೆಯಲಿಲ್ಲ. "ಒಂದ ಕಪ್ಪ ಚಾಕ್ಕ ನಾ ರಾಮದುರ್ಗದಿಂದ ಅಳಕೋತ ಬಂದೇನು?" ಎಂದಳು. ಮಡಿವಾಳೆಪ್ಪ ನನ್ನ ಕಡೆ ನೋಡಿದ. ಲಗಮಣ್ಣನೂ ನೋಡಿದ. ನಾನು ಆಧಾರ್ ಪ್ರತಿಗಳನ್ನು ಎಣಿಸತೊಡಗಿದೆ.

ನಾಗರತ್ನಾ ಅತ್ತೆಯ ಮುಖ ನೋಡಲಾರದೆ ತಲೆ ತಗ್ಗಿಸಿದ್ದಳು. ಆಸೆಪಟ್ಟದ್ದೂ ಹೋಯಿತು, ಮರ್ಯಾದೆಯೂ ಹೋಯಿತು, ಇನ್ನು ಊರಿಗೆ ಹೋಗಿ ಎಂಟು ದಿನ ಬೈಗುಳ ತಿನ್ನುವುದು ಉಳಿಯಿತು ಎಂದು ಅವಳ ಕಣ್ಣು ತುಂಬಿತ್ತು. ಗುರುಬಸವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗನನ್ನು ಕೇಳಿದಳು.

"ಆ ಲಾಜಿನ್ಯಾಗ ಖರೇನ ಹಾಸಗೀಗೆ ತಂದು ಕೊಡತಾರನು?"

"ಕೊಡತಾರವ್ವಾ. ಮುಂಜಾನೆ ಏಳಕ್ಕ. ಬರದಾರ."

"ಎಷ್ಟ ಮಂದಿಗೆ ಕೊಡತಾರ?"

ನಿಂಗರಾಜ ಕಾಗದ ತಿರುಗಿಸಿ ನೋಡಿದ. ಅದನ್ನು ಬರೆದಿರಲಿಲ್ಲ.

"ಲಗಮಣ್ಣಾ, ಗಾಡಿ ತಿರುವು" ಎಂದಳು ಗುರುಬಸವ್ವ.

ಲಾಜಿನ ಕೋಣೆಯಲ್ಲಿ ಎರಡು ಹಾಸಿಗೆ ಇದ್ದವು. ಒಂದನ್ನು ನಾಗರತ್ನಾಳಿಗೆ ಕೊಟ್ಟು ಇನ್ನೊಂದನ್ನು ಗುರುಬಸವ್ವ ತೆಗೆದುಕೊಂಡಳು. ಲಗಮಣ್ಣನ ಗಾದಿ ತಂದು ನೆಲಕ್ಕೆ ಹಾಸಿ ಉಮಾಶ್ರೀ ಮಕ್ಕಳನ್ನು ಮಲಗಿಸಿದಳು. ಪ್ಲ್ಯಾನು ಮಾಡಿದ ನಿಂಗರಾಜನಿಗೆ ಜಾಗವಿಲ್ಲದೆ ಅವನು ನಮ್ಮ ಜೊತೆ ಕ್ರೂಸರಿನಲ್ಲಿ ಮಲಗಿದ. ದಿನಕ್ಕೆ ಒಂದೇ ಕೆಲಸ ಎಂಬ ನಿಯಮ ಮಾತ್ರ ತಪ್ಪಲಿಲ್ಲ. ಐಶ್ವರ್ಯಾ ಮತ್ತು ಸಚಿನ ಶನಿವಾರ ಪೂರ್ತಿ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದರು. ಕೋಟೆ ಕೆರೆಯನ್ನು ಮೂರನೇ ಮಜಲಿನ ಕಿಟಕಿಯಿಂದ ಹುಡುಕಿದೆವು, ಕಾಣಲಿಲ್ಲ.

ರವಿವಾರ ಏಳಕ್ಕೆ ಐದು ನಿಮಿಷ ಇರುವಾಗ ನಿಂಗರಾಜ ನನ್ನನ್ನು ಎಳೆದುಕೊಂಡು ಮೇಲೆ ಹೋದ. ಕೋಣೆಯ ಬಾಗಿಲು ತೆರೆದಿತ್ತು. ಅತ್ತೆ ಸೊಸೆ ಇಬ್ಬರೂ ತಮ್ಮ ತಮ್ಮ ಹಾಸಿಗೆಯ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಕುಳಿತಿದ್ದರು. ಐದಕ್ಕೇ ಎಚ್ಚರಾದವರು ಎರಡು ತಾಸಿನಿಂದ ಹಾಗೇ ಕುಳಿತಿದ್ದಾರೆ ಎಂದು ಉಮಾಶ್ರೀ ಸನ್ನೆ ಮಾಡಿ ಹೇಳಿದಳು. ನಾಗರತ್ನಾ ನಡುವೆ ರೂಢಿಯಂತೆ ಕಸಬರಿಗೆ ಹುಡುಕಲು ಇಳಿದಿದ್ದಳಂತೆ. "ಮ್ಯಾಲೆ ಹತ್ತು. ಚಾ ಬರೂತನಕ ಇಳೀಬಾರದು" ಎಂದು ಗುರುಬಸವ್ವ ಗದರಿಸಿದಳಂತೆ.

ಸರಿಯಾಗಿ ಏಳಕ್ಕೆ ಬಿಳಿ ಮೀಸೆಯ ವೇಟರನೊಬ್ಬ ತಟ್ಟೆ ಹಿಡಿದು ಬಂದ. ಎರಡು ಕಪ್ಪು. ಒಂದನ್ನು ನಾಗರತ್ನಾಳ ಕೈಗೆ ಕೊಟ್ಟ. ಅವಳು ಎರಡೂ ಕೈಯಿಂದ ಹಿಡಿದುಕೊಂಡು ಒಂದು ಗುಟುಕು ಕುಡಿದಳು. ಅಷ್ಟರಲ್ಲಿ ನೆಲದಿಂದ ಸಚಿನ, "ಅವ್ವಾ" ಎಂದ. ನಾಗರತ್ನಾಳ ಕಾಲು ತಾನಾಗಿ ಹಾಸಿಗೆಯಿಂದ ಇಳಿಯಿತು.

"ಸುಮ್ಮಿರೋ," ಗುರುಬಸವ್ವನ ದನಿ ಲಿಫ್ಟಿನ ತನಕ ಹೋಯಿತು, "ನಿಮ್ಮವ್ವ ಚಾ ಕುಡಿಯಾಕತ್ತಾಳ."

ಕಾಲು ಮೇಲೆ ಹೋಯಿತು. ಆಮೇಲೆ ಯಾರೂ ಮಾತನಾಡಲಿಲ್ಲ. ನಾಗರತ್ನಾ ಎದುರಿನ ಖಾಲಿ ಗೋಡೆ ನೋಡುತ್ತ ಕೊನೆಯ ಗುಟುಕಿನವರೆಗೂ ಸಾವಕಾಶ ಕುಡಿದಳು. ನಾವು ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದೆವು. ನಿಂಗರಾಜ ಕಣ್ಣೊರೆಸಿಕೊಂಡ. ನನಗೇನೂ ಆಗಲಿಲ್ಲ, ಧೂಳು ಬಿದ್ದಿತ್ತು.

ಗುರುಬಸವ್ವ ತನ್ನ ಕಪ್ಪಿನಲ್ಲಿ ಇಣುಕಿ ನೋಡಿ ಅಂದಳು, "ಇವನ್ನ ಹಡದಾಗ ಒಮ್ಮೆ ಹಾಸಗಿ ಮ್ಯಾಲೆ ಕುಡದಿದ್ದೆ ನೋಡ. ನಮ್ಮವ್ವ ತಂದು ಕೊಟ್ಟಿದ್ಲು. ಅವಾಗ ಮೈತುಂಬ ಜ್ವರ, ರುಚಿನ ಹತ್ತಿರಲಿಲ್ಲ. ಜಡ್ಡಿಲ್ಲದ ಕುಡದ್ರ ಇದು ಭಾಳ ಛಲೋ ಆಕ್ಕೇತಿ."

"ಅತ್ತಿ, ಇನ್ನೊಂದೊಂದ ಕಪ್ಪ ಹೇಳೂನು?"

"ಹೇಳ. ಉಮಾಗೂ ಒಂದು ಹೇಳ, ಅಕಿನೂ ಗಂಡನ ಮನ್ಯಾಗ ಸೊಸೀನ."

ಸಂಜೆ ಎಲ್ಲರೂ ಕುಂದಾ ಮಿಠಾಯಿ ಕಟ್ಟಿಸಿಕೊಂಡು ಊರಿಗೆ ಬಂದೆವು. ಸೋಮವಾರ ಸಿದ್ದಲಿಂಗವ್ವ ಮೇಡಮ್ಮರು, "ಏನ್ರಿ, ಆರಾಮ ಆತೇನು?" ಎಂದು ಕೇಳಿದರು. ನಿಂಗರಾಜ ಎಲ್ಲ ಹೇಳಿದ. ಪ್ರಾರ್ಥನೆ ಮಾಡಿಸಿದ್ದಕ್ಕೆ ಮೇಡಮ್ಮರು ಬೈಯುತ್ತಾರೆ ಅಂದುಕೊಂಡಿದ್ದ. ಅವರು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಆ ಪ್ಲ್ಯಾನಿನ ಒಂದು ಪ್ರತಿ ಕೊಡಿರಿ ಎಂದರು. ಆ ವಾರದಲ್ಲಿ ಅಂಥವು ಹದಿನಾಲ್ಕು ಪ್ರತಿ ಹೋದವು, ಎಲ್ಲವನ್ನೂ ಒಯ್ದವರು ಹೆಂಗಸರು. ಈಗ ನಮ್ಮ ಓಣಿಯಲ್ಲಿ ಯಾರಾದರೂ ಆರಾಮಿಲ್ಲ ಅಂದರೆ ಬ್ರೆಡ್ಡು ತರಬೇಕೋ ಚಾ ತರಬೇಕೋ ಎಂದು ಗಂಡಸರು ಮೊದಲು ವಿಚಾರಿಸಿಕೊಳ್ಳುತ್ತಾರೆ.

ಇದೆಲ್ಲ ಬೇರೆಯವರ ಮನೆಯ ಮಾತು, ನನಗೇನು ಅಂದುಕೊಂಡಿದ್ದೆ. ಮುಂದಿನ ರವಿವಾರ ಎಚ್ಚರಾದಾಗ ಎಂದಿನಂತೆ ಕಣ್ಣು ಮುಚ್ಚಿಕೊಂಡೇ, "ಚಾ" ಎಂದೆ. ಒಳಗಿನಿಂದ ಸಪ್ಪಳ ಬರಲಿಲ್ಲ. ಪಕ್ಕದಿಂದಲೇ ರಾಚವ್ವನ ದನಿ ಬಂತು.

"ನನಗ ಆರಾಮಿಲ್ಲ."

ನನಗೆ ಗಾಬರಿಯಾಯಿತು. "ಎಷ್ಟ ದಿನದಿಂದ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

"ಇಪ್ಪತ್ತಾರ ವರ್ಷದಿಂದ."

ಎದ್ದು ಅಡುಗೆಮನೆಗೆ ಹೋದೆ. ಗೋಡೆಯ ಮಾಡದಲ್ಲಿ ಹನ್ನೊಂದು ಡಬ್ಬಿಗಳಿದ್ದವು, ಹನ್ನೊಂದೂ ಒಂದೇ ತೆರನವು. ಮೊದಲನೆಯದರಲ್ಲಿ ಸಾಸಿವೆ, ಎರಡನೆಯದರಲ್ಲಿ ಉಪ್ಪು. ಊರಿನವರ ಕಾಗದವೆಲ್ಲ ಬಾಯಿಪಾಠ ಇರುವ ಮನುಷ್ಯ ನಾನು, ಮೂರನೆಯದರ ಮುಚ್ಚಳ ಹಿಡಿದು ನಿಂತೆ.

"ರಾಚವ್ವಾ, ಸಕ್ಕರಿ ಎಲ್ಲಿ ಐತಿ?"

"ಇಪ್ಪತ್ತಾರ ವರ್ಷಾತು," ಹಾಸಿಗೆಯ ಮೇಲಿನಿಂದಲೇ ಉತ್ತರ ಬಂತು, "ಇದ್ದಲ್ಲೇ ಐತಿ, ನೋಡ್ರಿ."